ಒಂದು ‘ಡಬ್ಬಿ’ ಡ್ರೈವರ್ ಬರೆಯೋಣ: ಲಿನಕ್ಸ್ ಕರ್ನಲ್ ಗೇಟಿನಲ್ಲಿ ನಡೆಯೋದೇನು?

ಈ ಸಂಚಿಕೆಯ ವಿಷಯ ಕ್ಯಾರೆಕ್ಟರ್ ಡಿವೈಸ್ ಡ್ರೈವರ್. ವಿಡಿಯೋ ನೋಡಿದವರಿಗೆ ಕೋಡ್ ಸ್ಕ್ರೀನ್ ಮೇಲೆ ಕಂಡಿರುತ್ತೆ. ಇಲ್ಲಿ ಕೋಡ್ ಇಲ್ಲ, ಕೋಡ್ ಹಿಂದಿನ ಯೋಚನೆ ಇದೆ. ಲೋಕಲ್ ಟ್ರೇನ್‌ನಲ್ಲೋ ಕ್ಯಾಬ್‌ನಲ್ಲೋ ಕೂತು ಓದಿದರೂ ಅರ್ಥ ಆಗಬೇಕು ಅಂತ ಫಂಕ್ಷನ್ ಹೆಸರುಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೀನಿ.

ನಮ್ಮಲ್ಲಿ ಬಹಳ ಜನ ಎಂಟು-ಹತ್ತು ವರ್ಷ ಜಾವಾ, ಪೈಥಾನ್, ಕ್ಲೌಡ್ ಅಂತ ಕೆಲಸ ಮಾಡಿದವರು. ಕರ್ನಲ್ ಅಂದ ತಕ್ಷಣ ‘ಅದು ನಮ್ಮದಲ್ಲ, ಹಾರ್ಡ್‌ವೇರ್‌ನವರದ್ದು’ ಅಂತ ಪಕ್ಕಕ್ಕೆ ಇಟ್ಟುಬಿಡ್ತೀವಿ. ಆದ್ರೆ ಡ್ರೈವರ್ ಬರೆಯೋದಕ್ಕೆ ಬೋರ್ಡ್ ಬೇಕಿಲ್ಲ, ಸೆನ್ಸರ್ ಬೇಕಿಲ್ಲ. ಸಿ ಭಾಷೆ ಸ್ವಲ್ಪ ಬರಬೇಕು, ಒಂದು ವರ್ಚುವಲ್ ಮಷೀನ್ ಬೇಕು. ಸುಮಾರು ನೂರು ಸಾಲಿನಲ್ಲಿ ನಿಜವಾಗಿ ಕೆಲಸ ಮಾಡೋ ಡ್ರೈವರ್ ಆಗುತ್ತೆ. ಆ ನೂರು ಸಾಲಿನಲ್ಲಿ ಹಾರ್ಡ್‌ವೇರ್ ಬಗ್ಗೆ ಒಂದು ಸಾಲೂ ಇರಲ್ಲ. ಅಷ್ಟೂ ಸಾಲು ಒಂದೇ ವಿಷಯದ ಬಗ್ಗೆ: ಯೂಸರ್ ಪ್ರೋಗ್ರಾಂ ಕಡೆಯಿಂದ ಬಂದ ಯಾವುದನ್ನೂ ಪರೀಕ್ಷೆ ಮಾಡದೆ ನಂಬಬಾರದು, ಅದಕ್ಕೆ ಕೊಟ್ಟ ಮಾತನ್ನು ಮಾತ್ರ ತಪ್ಪಬಾರದು. ಇದೊಂದು ತಲೆಗೆ ಹೋದ್ರೆ ಇವತ್ತಿನ ಸಂಚಿಕೆ ಸಾರ್ಥಕ.

ಕರ್ನಲ್ ಒಳಗೆ ತಪ್ಪಾದ್ರೆ ಏನಾಗುತ್ತೆ?

2024ರ ಜುಲೈ 19, ಶುಕ್ರವಾರ. ಆ ದಿನ ನೆನಪಿರಬೇಕು. ಬೆಳಿಗ್ಗೆ ಆಫೀಸ್ ಲ್ಯಾಪ್‌ಟಾಪ್ ಆನ್ ಮಾಡಿದ್ರೆ ನೀಲಿ ಸ್ಕ್ರೀನ್. ನಮ್ಮ ಏರ್‌ಪೋರ್ಟ್‌ಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದು ಕೊಟ್ಟರು. ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ ಸುಮಾರು 85 ಲಕ್ಷ ವಿಂಡೋಸ್ ಮಷೀನ್‌ಗಳು ಬಿದ್ದವು. ಕಾರಣ ಕ್ರೌಡ್‌ಸ್ಟ್ರೈಕ್ ಕಂಪನಿಯ ಸೆಕ್ಯುರಿಟಿ ಸಾಫ್ಟ್‌ವೇರ್, ಅದರ ಕರ್ನಲ್ ಡ್ರೈವರ್. ಹೊಸ ಡೇಟಾ ಫೈಲ್ ಪ್ರಕಾರ 21ನೇ ಇನ್‌ಪುಟ್ ನೋಡಬೇಕಿತ್ತು, ಕೋಡ್ ಒದಗಿಸಿದ್ದು 20 ಮಾತ್ರ. ಇಲ್ಲದ ಇಪ್ಪತ್ತೊಂದನೇದನ್ನು ಓದೋಕೆ ಹೋಗಿ ತನ್ನದಲ್ಲದ ಮೆಮೊರಿಗೆ ಕೈ ಹಾಕಿತು.

ಇದೇ ತಪ್ಪು ನಮ್ಮ ಸಾಧಾರಣ ಪ್ರೋಗ್ರಾಂನಲ್ಲಿ ಆಗಿದ್ರೆ? ಸೆಗ್‌ಮೆಂಟೇಷನ್ ಫಾಲ್ಟ್ ಬರುತ್ತೆ, ಆ ಒಂದು ಪ್ರೋಗ್ರಾಂ ಸಾಯುತ್ತೆ, ನಾವು ಟೀ ಕುಡಿದು ಬಂದು ಮತ್ತೆ ಚಾಲೂ ಮಾಡ್ತೀವಿ. ಯಾಕಂದ್ರೆ ಪ್ರೋಗ್ರಾಂ ಬಿದ್ರೆ ಕ್ಲೀನ್ ಮಾಡೋಕೆ ಕೆಳಗಡೆ ಕರ್ನಲ್ ಇರುತ್ತೆ. ಕರ್ನಲ್ಲೇ ಬಿದ್ರೆ ಕೆಳಗಡೆ ಯಾರೂ ಇಲ್ಲ. ಅದು ವಿಂಡೋಸ್ ಕಥೆ, ನಾವು ಬರೆಯೋದು ಲಿನಕ್ಸ್ ಡ್ರೈವರ್. ಆದ್ರೆ ಈ ನಿಯಮ ಎರಡಕ್ಕೂ ಒಂದೇ.

ಕ್ಯಾರೆಕ್ಟರ್ ಡಿವೈಸ್ ಅಂದ್ರೆ ಏನು?

ಯಾವುದಾದ್ರೂ ಲಿನಕ್ಸ್ ಮಷೀನ್‌ನಲ್ಲಿ /ಡೆವ್ ಡೈರೆಕ್ಟರಿಗೆ ಹೋಗಿ ‘ಎಲ್‌ಎಸ್ ಮೈನಸ್ ಎಲ್’ ಕೊಡಿ. ಸಾಮಾನ್ಯ ಫೈಲ್ ಆಗಿದ್ರೆ ಸಾಲಿನ ಮೊದಲ ಅಕ್ಷರ ಅಡ್ಡಗೆರೆ, ಡೈರೆಕ್ಟರಿ ಆಗಿದ್ರೆ ‘ಡಿ’. ಇಲ್ಲಿ ಬಹಳ ಸಾಲುಗಳು ‘ಸಿ’ ಅಥವಾ ‘ಬಿ’ಯಿಂದ ಶುರುವಾಗುತ್ತೆ. ‘ಬಿ’ ಅಂದ್ರೆ ಬ್ಲಾಕ್ ಡಿವೈಸ್, ಅಂದ್ರೆ ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ ಇಂಥವು. ‘ಸಿ’ ಅಂದ್ರೆ ಕ್ಯಾರೆಕ್ಟರ್ ಡಿವೈಸ್. ಕೀಬೋರ್ಡ್, ಮೌಸ್, ಸೀರಿಯಲ್ ಪೋರ್ಟ್, ಟರ್ಮಿನಲ್ ಎಲ್ಲ ಈ ಜಾತಿ. ಬೈಟ್‌ಗಳನ್ನು ಸಾಲಾಗಿ ಕೊಡೋದು, ತಗೊಳ್ಳೋದು ಇವುಗಳ ಕೆಲಸ.

ಫೈಲ್ ಸೈಜ್ ಇರಬೇಕಾದ ಜಾಗದಲ್ಲಿ ಎರಡು ಸಂಖ್ಯೆ ಕಾಣುತ್ತೆ. /ಡೆವ್/ನಲ್ ನೋಡಿದ್ರೆ 1, 3. /ಡೆವ್/ಜೀರೋ ನೋಡಿದ್ರೆ 1, 5. /ಡೆವ್/ಫುಲ್ 1, 7. ಮೊದಲನೇದು ಮೇಜರ್ ನಂಬರ್, ಎರಡನೇದು ಮೈನರ್. ಊರು ಮತ್ತು ಮನೆ ನಂಬರ್ ಇದ್ದ ಹಾಗೆ. ಮೇಜರ್ ನೋಡಿ ಕರ್ನಲ್ ಯಾವ ಡ್ರೈವರ್ ಹತ್ರ ಕಳಿಸಬೇಕು ಅಂತ ತಿಳ್ಕೊಳ್ಳುತ್ತೆ, ಮೈನರ್ ನೋಡಿ ಆ ಡ್ರೈವರ್ ತನ್ನ ಯಾವ ಡಿವೈಸ್ ಅಂತ ತಿಳ್ಕೊಳ್ಳುತ್ತೆ. ಈಗಿನ ಕರ್ನಲ್‌ನಲ್ಲಿ ಈ ಜೋಡಿಗೆ 32 ಬಿಟ್ ಜಾಗ: ಮೇಜರ್‌ಗೆ 12, ಮೈನರ್‌ಗೆ 20.

ಒಂದು ಗಮನಿಸಿ. ನಲ್, ಜೀರೋ, ಫುಲ್ ಈ ಮೂರಕ್ಕೂ ಹಾರ್ಡ್‌ವೇರ್ ಇಲ್ಲ. ನಲ್‌ಗೆ ಏನು ಬರೆದರೂ ನುಂಗುತ್ತೆ, ಜೀರೋ ಓದಿದಷ್ಟೂ ಸೊನ್ನೆ ಕೊಡುತ್ತೆ, ಫುಲ್‌ಗೆ ಬರೆಯೋಕೆ ಹೋದ್ರೆ ‘ಜಾಗ ಇಲ್ಲ’ ಅನ್ನುತ್ತೆ. ಮೂರೂ ಪಕ್ಕಾ ಡ್ರೈವರ್‌ಗಳೇ. ನಮ್ಮದೂ ಅದೇ ಸಾಲಿಗೆ ಸೇರುತ್ತೆ.

ನಮ್ಮ ಡಿವೈಸ್: ಒಂದು ಡಬ್ಬಿ

ನಮ್ಮ ಡಿವೈಸ್ ಹೆಸರು /ಡೆವ್/ಡಬ್ಬಿ. ಅಡುಗೆಮನೆ ಡಬ್ಬಿ ಹಾಗೆ: ಹಾಕಿದ್ದು ಇಟ್ಕೊಳ್ಳುತ್ತೆ, ಕೇಳಿದ್ರೆ ವಾಪಸ್ ಕೊಡುತ್ತೆ. ಅಳತೆ 1024 ಬೈಟ್. ಒಳಗೆ ಒಂದು ಅರೇ, ಎಷ್ಟು ತುಂಬಿದೆ ಅಂತ ಹೇಳೋ ‘ಉದ್ದ’ ಅನ್ನೋ ಒಂದು ವೇರಿಯಬಲ್, ಒಂದು ಬೀಗ. ಅಷ್ಟೇ.

ಕರ್ನಲ್‌ಗೆ ಈ ಡಬ್ಬಿ ಪರಿಚಯ ಮಾಡಿಸೋದು ಫೈಲ್-ಆಪರೇಷನ್ಸ್ ಅನ್ನೋ ಸ್ಟ್ರಕ್ಟ್ ಮೂಲಕ. ಜಾವಾದವರು ಇದನ್ನು ಇಂಟರ್‌ಫೇಸ್ ಅಂದ್ಕೊಳ್ಳಿ. ಅದೊಂದು ಫಾರಂ ಇದ್ದ ಹಾಗೆ: ಓಪನ್ ಅಂದ್ರೆ ಯಾವ ಫಂಕ್ಷನ್, ರೀಡ್ ಅಂದ್ರೆ ಯಾವುದು, ರೈಟ್ ಅಂದ್ರೆ ಯಾವುದು, ಮುಚ್ಚುವಾಗ ಯಾವುದು. ಬೇಡದ ಕಾಲಂ ಖಾಲಿ ಬಿಡಬಹುದು. ನಾವು ತುಂಬೋದು ಮೂರೇ: ರೀಡ್, ರೈಟ್, ಮತ್ತೆ ‘ಓನರ್’. ಓನರ್ ಯಾಕೆ ಅಂತ ಕೊನೇಲಿ ಹೇಳ್ತೀನಿ.

ಫಾರಂ ಸಲ್ಲಿಸೋಕೆ ಎರಡು ದಾರಿ ಇದೆ. ಉದ್ದ ದಾರಿಯಲ್ಲಿ ಐದು ಹೆಜ್ಜೆ: ನಂಬರ್ ಕೇಳಿ ತಗೊಳ್ಳೋದು, ಸಿಡೆವ್ ತಯಾರು ಮಾಡೋದು, ಸೇರಿಸೋದು, ಕ್ಲಾಸ್ ಮಾಡೋದು, ಡಿವೈಸ್ ಮಾಡೋದು. ಬಹಳ ಡಿವೈಸ್ ಸಂಭಾಳಿಸೋ ಡ್ರೈವರ್‌ಗೆ ಇದು ಸರಿ. ಒಂದೇ ಡಬ್ಬಿಗೆ ಅಷ್ಟೆಲ್ಲ ಬೇಡ. ಚಿಕ್ಕ ದಾರಿ ‘ಮಿಸ್ಕ್ ಡಿವೈಸ್’. ಹೆಸರು ಕೊಡಿ, ಫಾರಂ ಕೊಡಿ, ಮೈನರ್ ನಂಬರ್ ನೀವೇ ಕೊಡಿ ಅಂತ ಹೇಳಿ, ‘ಮಿಸ್ಕ್-ರಿಜಿಸ್ಟರ್’ ಕರೀರಿ. ಮೇಜರ್ ನಂಬರ್ 10 ಇಂಥ ಚಿಲ್ಲರೆ ಡಿವೈಸ್‌ಗಳಿಗೇ ಮೀಸಲು. /ಡೆವ್ ಒಳಗೆ ‘ಡಬ್ಬಿ’ ತಾನಾಗೇ ಪ್ರತ್ಯಕ್ಷ ಆಗುತ್ತೆ.

ಇಲ್ಲಿ ಒಂದು ಎಚ್ಚರಿಕೆ. ಹುಡುಕಿದ್ರೆ ಸಿಗೋ ಪಾಠಗಳು ಬಹಳ ಹಳೇವು. ಈ ವಿಷಯಕ್ಕೆ ಎಲ್ಲರೂ ಹೇಳೋ ಪುಸ್ತಕ ‘ಲಿನಕ್ಸ್ ಡಿವೈಸ್ ಡ್ರೈವರ್ಸ್’ ಮೂರನೇ ಆವೃತ್ತಿ. ಜೊನಾಥನ್ ಕಾರ್ಬೆಟ್, ಅಲೆಸ್ಸಾಂಡ್ರೊ ರುಬಿನಿ, ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಬರೆದದ್ದು. ಬಂದಿದ್ದು 2005ರಲ್ಲಿ, ಕರ್ನಲ್ 2.6.10 ಕಾಲಕ್ಕೆ. ಅದರಲ್ಲಿ ಬರೋ ‘ಸ್ಕಲ್’ ಅನ್ನೋ ಡ್ರೈವರ್ ನಮ್ಮ ಡಬ್ಬಿಗೆ ಅಜ್ಜ. ಯೋಚನೆಗೆ ಇವತ್ತೂ ಒಳ್ಳೇ ಪುಸ್ತಕ, ಕೋಡ್ ಮಾತ್ರ ಹಾಗೇ ಕಾಪಿ ಮಾಡಿದ್ರೆ ಕಂಪೈಲ್ ಆಗಲ್ಲ. ಕರ್ನಲ್ ಒಳಗಿನ ಫಂಕ್ಷನ್‌ಗಳು ಬದಲಾಗ್ತಾನೇ ಇರುತ್ತೆ. ಉದಾಹರಣೆಗೆ 2023ರ 6.4 ಆವೃತ್ತಿಯಲ್ಲಿ ‘ಕ್ಲಾಸ್-ಕ್ರಿಯೇಟ್’ ಫಂಕ್ಷನ್‌ನ ಎರಡು ಆರ್ಗ್ಯುಮೆಂಟ್‌ನಲ್ಲಿ ಒಂದನ್ನು ತೆಗೆದರು. ಆ ದಿನದಿಂದ ಎಷ್ಟೋ ಬ್ಲಾಗ್‌ಗಳ ಉದಾಹರಣೆ ಎರರ್ ಕೊಡೋಕೆ ಶುರುವಾಯ್ತು. ನಿಮ್ಮ ಕೋಡ್ ತಪ್ಪು ಅಂತ ತಲೆ ಕೆಡಿಸ್ಕೊಳ್ಳೋ ಮುಂಚೆ ಕರ್ನಲ್ ಆವೃತ್ತಿ ನೋಡಿ.

ರೀಡ್: ಮೂರು ಮಾತು ಕೊಟ್ಟಿರ್ತೀವಿ

ಯೂಸರ್ ಪ್ರೋಗ್ರಾಂ ‘ರೀಡ್’ ಅಂತ ಕರೆದಾಗ ನಮ್ಮ ಫಂಕ್ಷನ್‌ಗೆ ನಾಲ್ಕು ವಸ್ತು ಬರುತ್ತೆ: ಯಾವ ತೆರೆದ ಫೈಲ್, ಡೇಟಾ ಎಲ್ಲಿ ಇಡಬೇಕು ಅನ್ನೋ ವಿಳಾಸ, ಎಷ್ಟು ಬೈಟ್ ಬೇಕು, ಮತ್ತು ಎಲ್ಲಿಂದ ಓದಬೇಕು ಅನ್ನೋ ಪೊಸಿಷನ್. ನಾವು ವಾಪಸ್ ಕೊಡೋದು ಒಂದೇ ಸಂಖ್ಯೆ. ಅದು ಸೊನ್ನೆಗಿಂತ ಹೆಚ್ಚಿದ್ರೆ ‘ಇಷ್ಟು ಬೈಟ್ ಕೊಟ್ಟೆ’ ಅಂತ. ಸೊನ್ನೆ ಆದ್ರೆ ‘ಮುಗೀತು, ಇನ್ನಿಲ್ಲ’ ಅಂತ. ಮೈನಸ್ ಆದ್ರೆ ‘ತೊಂದರೆ ಆಯ್ತು, ಇದು ಅದರ ನಂಬರ್’ ಅಂತ.

ಉದಾಹರಣೆ ನೋಡೋಣ. ಡಬ್ಬಿಗೆ ‘ನಮಸ್ಕಾರ’ ಅಂತ ಎಕೋ ಮಾಡಿದ್ವಿ. ಎಷ್ಟು ಬೈಟ್ ಆಗುತ್ತೆ? ಕಣ್ಣಿಗೆ ನಾಲ್ಕು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ನ, ಮ, ಸ, ವಿರಾಮ ಚಿಹ್ನೆ, ಕ, ದೀರ್ಘ, ರ ಅಂತ ಏಳು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದಕ್ಕೂ ಮೂರು ಬೈಟ್, ಅಲ್ಲಿಗೆ 21. ಎಕೋ ಕೊನೇಲಿ ಸೇರಿಸೋ ಹೊಸ ಸಾಲಿನ ಗುರುತು ಒಂದು. ಒಟ್ಟು 22. ಡಬ್ಬಿಗೆ ಕನ್ನಡ ಗೊತ್ತಿಲ್ಲ, ಅದಕ್ಕೆ ಗೊತ್ತಿರೋದು ಬೈಟ್ ಮಾತ್ರ.

ಈಗ ಒಂದು ಪ್ರೋಗ್ರಾಂ ಒಂದು ಸಲಕ್ಕೆ 10 ಬೈಟ್ ಕೇಳುತ್ತೆ ಅಂದ್ಕೊಳ್ಳಿ. ಮೊದಲ ಸಲ 10 ಕೊಡ್ತೀವಿ, ಪೊಸಿಷನ್ 10ಕ್ಕೆ ಸರಿಸ್ತೀವಿ. ಎರಡನೇ ಸಲ ಇನ್ನು 10, ಪೊಸಿಷನ್ 20. ಮೂರನೇ ಸಲ 10 ಕೇಳಿದ್ರೂ ಉಳಿದಿರೋದು 2, ಅಷ್ಟೇ ಕೊಟ್ಟು ‘2’ ಅಂತ ಹೇಳ್ತೀವಿ. ನಾಲ್ಕನೇ ಸಲ ಕೇಳಿದ್ರೆ ಸೊನ್ನೆ. ಕ್ರಮ 10, 10, 2, 0. ಹತ್ತನೇ ಬೈಟ್ ಒಂದು ಚಿಹ್ನೆಯ ಮಧ್ಯಕ್ಕೆ ಬೀಳುತ್ತೆ, ಅದಕ್ಕೆ ಡ್ರೈವರ್ ತಲೆ ಕೆಡಿಸ್ಕೊಳ್ಳಬೇಕಿಲ್ಲ. ಮತ್ತೆ ಜೋಡಿಸ್ಕೊಳ್ಳೋದು ಓದೋರ ಕೆಲಸ.

ಪೊಸಿಷನ್ ಸರಿಸೋದು ಬಿಟ್ಟರೆ ಏನಾಗುತ್ತೆ? ‘ಕ್ಯಾಟ್ /ಡೆವ್/ಡಬ್ಬಿ’ ಅಂತ ಕೊಡಿ. ಸ್ಕ್ರೀನ್ ತುಂಬ ನಮಸ್ಕಾರ ನಮಸ್ಕಾರ ನಮಸ್ಕಾರ, ನಿಲ್ಲೋದೇ ಇಲ್ಲ. ಕ್ಯಾಟ್‌ನದ್ದು ತಪ್ಪಿಲ್ಲ. ಸೊನ್ನೆ ಬರೋವರೆಗೂ ಕೇಳ್ತಾ ಇರಬೇಕು ಅನ್ನೋದು ಅದಕ್ಕೆ ಗೊತ್ತಿರೋ ನಿಯಮ. ಸೊನ್ನೆ ಹೇಳಬೇಕಾಗಿದ್ದ ನಾವು ಹೇಳಲಿಲ್ಲ.

ಇನ್ನೊಂದು ಸೂಕ್ಷ್ಮ ಇದೆ, ಇದು ಬರೀ ತಮಾಷೆಯಲ್ಲಿ ಮುಗಿಯಲ್ಲ. ‘ಮುಗೀತಾ’ ಅಂತ ನೋಡೋವಾಗ ಪೊಸಿಷನ್ ಉದ್ದಕ್ಕೆ ಸಮ ಇದೆಯಾ ಅಂತ ಮಾತ್ರ ಪರೀಕ್ಷೆ ಮಾಡಬೇಡಿ. ಸಮ ಅಥವಾ ಹೆಚ್ಚು ಇದೆಯಾ ಅಂತ ನೋಡಿ. ಯಾಕಂದ್ರೆ ‘ಪಿ-ರೀಡ್’ ಅನ್ನೋ ಸಿಸ್ಟಂ ಕಾಲ್‌ನಲ್ಲಿ ಪೊಸಿಷನ್ ಯೂಸರ್ರೇ ಕೊಡಬಹುದು. 22 ಬೈಟ್ ಇರೋ ಡಬ್ಬಿಗೆ ‘ನನಗೆ 5000ದಿಂದ ಓದಬೇಕು’ ಅಂದ್ರೆ? ಸಮ ಇಲ್ಲ, ಪರೀಕ್ಷೆ ದಾಟ್ತು. ಉಳಿದದ್ದು ಎಷ್ಟು ಅಂತ 22ರಿಂದ 5000 ಕಳೆದರೆ ಮೈನಸ್. ಅದು ಅನ್‌ಸೈನ್ಡ್ ವೇರಿಯಬಲ್‌ಗೆ ಹೋದ್ರೆ ಊಹೆಗೆ ಸಿಗದಷ್ಟು ದೊಡ್ಡ ಸಂಖ್ಯೆ. ಈಗ ನಮ್ಮ ಡ್ರೈವರ್ ಡಬ್ಬಿಯಿಂದ ಆಚೆ, ಪಕ್ಕದ ಕರ್ನಲ್ ಮೆಮೊರಿಯಲ್ಲಿ ಇರೋದನ್ನು ತೆಗೆದು ಹೊರಗೆ ಕೊಡೋಕೆ ಹೊರಡುತ್ತೆ. ಒಂದು ಹೋಲಿಕೆ ಚಿಹ್ನೆ ತಪ್ಪಿದ್ದಕ್ಕೆ ಇಷ್ಟು.

ವಿಳಾಸವನ್ನು ಯಾಕೆ ನಂಬಬಾರದು?

ಈಗ ಮುಖ್ಯ ಭಾಗ. ಯೂಸರ್ ಒಂದು ವಿಳಾಸ ಕೊಟ್ಟಿದ್ದಾರೆ, ಡೇಟಾ ಅಲ್ಲಿ ಇಡಬೇಕು. ಸಿ ಬಲ್ಲವರ ಕೈ ‘ಮೆಮ್‌ಕಾಪಿ’ ಕಡೆ ಹೋಗುತ್ತೆ. ಹೋಗಬಾರದು. ಇಲ್ಲಿ ಬಳಸಬೇಕಾದ್ದು ‘ಕಾಪಿ-ಟು-ಯೂಸರ್’.

ನಾವೆಲ್ಲ ಇರೋ ಅಪಾರ್ಟ್‌ಮೆಂಟ್ ಸೊಸೈಟಿ ನೆನೆಸ್ಕೊಳ್ಳಿ. ಮ್ಯಾನೇಜರ್ ಹತ್ರ ಎಲ್ಲಾ ಫ್ಲಾಟ್‌ನ ಮಾಸ್ಟರ್ ಕೀ ಇದೆ ಅಂದ್ಕೊಳ್ಳೋಣ. ಒಬ್ಬರು ಬಂದು ಒಂದು ಚೀಟಿ ಕೊಡ್ತಾರೆ: ‘ಈ ಪಾರ್ಸೆಲ್ ಬಿ-402ರಲ್ಲಿ ಇಡಿ.’ ಬಿ-402 ಅವರದ್ದೇನಾ? ಬೇರೆಯವರದ್ದಾ? ಅಥವಾ ಸೊಸೈಟಿಯ ದುಡ್ಡಿನ ಪೆಟ್ಟಿಗೆ ಇಟ್ಟಿರೋ ಆಫೀಸ್ ರೂಮಾ? ಚೀಟಿ ತಂದವರಿಗೆ ಆ ಬಾಗಿಲು ತೆಗೆಯೋಕೆ ಆಗಲ್ಲ. ಮ್ಯಾನೇಜರ್‌ಗೆ ಆಗುತ್ತೆ. ಕೇಳದೆ ತೆಗೆದರೆ, ಬಂದವರ ಕೆಲಸ ಮ್ಯಾನೇಜರ್ ಕೈಯಿಂದಲೇ ಆಗಿಹೋಯ್ತು.

ಡ್ರೈವರ್ ಅಂದ್ರೆ ಈ ಮ್ಯಾನೇಜರ್. ಯೂಸರ್ ಪ್ರೋಗ್ರಾಂಗೆ ಕರ್ನಲ್ ಮೆಮೊರಿ ಮುಟ್ಟೋಕೆ ಪ್ರೊಸೆಸರ್ ಬಿಡಲ್ಲ. ಆದ್ರೆ ಆ ಪ್ರೋಗ್ರಾಂ ನಮಗೆ ಕರ್ನಲ್ ಒಳಗಿನದ್ದೇ ಒಂದು ವಿಳಾಸ ಕೊಟ್ಟು ‘ಇಲ್ಲಿ ಬರೆಯಿರಿ’ ಅಂದ್ರೆ, ನಾವು ಮೆಮ್‌ಕಾಪಿ ಮಾಡಿದ್ರೆ, ನಮಗೆ ಅಧಿಕಾರ ಇರೋದ್ರಿಂದ ಪ್ರೊಸೆಸರ್ ತಡೆಯಲ್ಲ. ಡಬ್ಬಿಯಲ್ಲಿ ಏನು ಇರಬೇಕು ಅನ್ನೋದೂ ಆ ಪ್ರೋಗ್ರಾಂ ಕೈಯಲ್ಲೇ ಇದೆ, ಮೊದಲು ರೈಟ್ ಮಾಡಿರುತ್ತೆ. ಅಂದ್ರೆ ತನಗೆ ಬೇಕಾದ ಬೈಟ್, ತನಗೆ ಬೇಕಾದ ಕರ್ನಲ್ ಜಾಗದಲ್ಲಿ. ಅಲ್ಲಿಗೆ ಮಷೀನ್ ಅವರದ್ದಾಯ್ತು.

ಕಾಪಿ-ಟು-ಯೂಸರ್ ಎರಡು ಕೆಲಸ ಮಾಡುತ್ತೆ. ಒಂದು, ವಿಳಾಸ ಯೂಸರ್ ಕಡೆಯದ್ದೇನಾ ಅಂತ ನೋಡುತ್ತೆ. ಎರಡು, ಆ ಜಾಗ ನಿಜಕ್ಕೂ ಇಲ್ಲದಿದ್ರೆ ಕರ್ನಲ್ ಬೀಳದ ಹಾಗೆ ಸಂಭಾಳಿಸಿ, ಎಷ್ಟು ಬೈಟ್ ಕಾಪಿ ಮಾಡೋಕೆ ಆಗಲಿಲ್ಲ ಅಂತ ಹೇಳುತ್ತೆ. ಎಷ್ಟು ಆಯ್ತು ಅಂತಲ್ಲ, ಎಷ್ಟು ಆಗಲಿಲ್ಲ ಅಂತ! ಇಲ್ಲಿ ಹೊಸಬರು ಎಡವೋದು ಸಹಜ. ಸೊನ್ನೆ ಬಂದ್ರೆ ಎಲ್ಲ ಸರಿ. ಬೇರೆ ಏನಾದ್ರೂ ಬಂದ್ರೆ ಆ ಸಂಖ್ಯೆಯನ್ನು ಹಾಗೇ ಯೂಸರ್‌ಗೆ ದಾಟಿಸಬಾರದು, ಮೈನಸ್ ಇ-ಫಾಲ್ಟ್ ಕೊಡಬೇಕು. ಅದರ ನಂಬರ್ 14.

‘ಮೆಮ್‌ಕಾಪಿ ಹಾಕಿ ನೋಡಿದೆ, ಕೆಲಸ ಮಾಡ್ತಲ್ಲ’ ಅಂತ ಕೆಲವರು ಹೇಳಬಹುದು. ಹಳೇ ಪ್ರೊಸೆಸರ್‌ನಲ್ಲಿ ಮಾಡುತ್ತೆ, ಅದೇ ಅಪಾಯ. ಇಂಟೆಲ್‌ನವರು ಬ್ರಾಡ್‌ವೆಲ್ ಪೀಳಿಗೆಯಿಂದ ‘ಸ್ಮ್ಯಾಪ್’ ಅನ್ನೋ ರಕ್ಷಣೆ ಕೊಟ್ಟಿದ್ದಾರೆ. ಕರ್ನಲ್ ಕೋಡ್ ಹೇಳದೆ ಕೇಳದೆ ಯೂಸರ್ ಮೆಮೊರಿ ಮುಟ್ಟಿದ್ರೆ ಪ್ರೊಸೆಸರ್ರೇ ತಡೆದು ಫಾಲ್ಟ್ ಕೊಡುತ್ತೆ. ಕಾಪಿ-ಟು-ಯೂಸರ್ ಒಳಗೆ ಆ ತಡೆಯನ್ನು ಆ ಕ್ಷಣಕ್ಕೆ ಮಾತ್ರ ತೆಗೆದು ಮತ್ತೆ ಹಾಕ್ತಾರೆ. ಆದ್ರೆ ಸ್ಮ್ಯಾಪ್ ತಡೆಯೋದು ಯೂಸರ್ ವಿಳಾಸ ಮುಟ್ಟೋದನ್ನು. ಚೀಟಿಯಲ್ಲಿ ಕರ್ನಲ್ ವಿಳಾಸವೇ ಇದ್ರೆ ಅದೂ ಕಾಯಲ್ಲ.

ಕಾಯೋ ಕಡೆಯೇ ಪರೀಕ್ಷೆ ಬಿಟ್ಟುಹೋದ ನಿಜ ಉದಾಹರಣೆ ಇದೆ. ಕರ್ನಲ್ 3.5.5ಕ್ಕೆ ಮುಂಚೆ, ಕೆಲವು ಆರ್ಮ್ ಪ್ರೊಸೆಸರ್‌ಗಳ ಕೋಡ್‌ನಲ್ಲಿ ‘ಗೆಟ್-ಯೂಸರ್’, ‘ಪುಟ್-ಯೂಸರ್’ ಅನ್ನೋ ಚಿಕ್ಕ ತಮ್ಮಂದಿರು ಕೆಲವು ವಿಳಾಸಗಳನ್ನು ಸರಿಯಾಗಿ ಪರೀಕ್ಷೆ ಮಾಡ್ತಾ ಇರಲಿಲ್ಲ. 2013ರ ಅಕ್ಟೋಬರ್-ನವೆಂಬರ್‌ನಲ್ಲಿ ಆಂಡ್ರಾಯ್ಡ್ ಫೋನ್‌ಗಳ ಮೇಲೆ ಇದನ್ನೇ ಹಿಡ್ಕೊಂಡು ದಾಳಿ ನಡೀತು. ಸಿವಿಇ-2013-6282 ಅಂತ ದಾಖಲಾಗಿದೆ.

ರೈಟ್ ಮತ್ತು ಬೀಗ

ರೈಟ್ ಇದರ ಕನ್ನಡಿ. ಕಾಪಿ-ಫ್ರಮ್-ಯೂಸರ್ ಬಳಸ್ತೀವಿ. ಪೊಸಿಷನ್ 1024 ಅಥವಾ ಹೆಚ್ಚಿದ್ರೆ ಮೈನಸ್ ಇ-ನೋ-ಸ್ಪೇಸ್, ನಂಬರ್ 28. ಇಲ್ಲದಿದ್ರೆ ಜಾಗ ಇರೋಷ್ಟು ಮಾತ್ರ ತಗೊಂಡು, ತಗೊಂಡಿದ್ದೆಷ್ಟು ಅಂತ ನಿಜ ಹೇಳ್ತೀವಿ. 2000 ಬೈಟ್ ಬಂದ್ರೆ 1024 ತಗೊಂಡು ‘1024’ ಅಂತ ಹೇಳಿ. ಉಳಿದ 976 ತಗೊಂಡು ಆ ಪ್ರೋಗ್ರಾಂ ಮತ್ತೆ ಬರುತ್ತೆ, ಆಗ ‘ಜಾಗ ಇಲ್ಲ’ ಅನ್ನಿ. ‘2000 ತಗೊಂಡೆ’ ಅಂತ ಸುಳ್ಳು ಹೇಳಿದ್ರೆ ಅವರ ಡೇಟಾ ಕಳೆದುಹೋಯ್ತು, ಅವರಿಗೆ ಗೊತ್ತೂ ಆಗಲ್ಲ. ಡ್ರೈವರ್ ಹೇಳೋ ಸುಳ್ಳಿಗೆ ಮೇಲಿನವರ ಹತ್ರ ಯಾವ ಪರೀಕ್ಷೆಯೂ ಇರಲ್ಲ.

ಬರೆದಾದ ಮೇಲೆ ಪೊಸಿಷನ್ ಎಲ್ಲಿಗೆ ಬಂತೋ ಅದೇ ಹೊಸ ‘ಉದ್ದ’. ಹೊಸದಾಗಿ ತೆರೆದು ಬರೆದರೆ ಸೊನ್ನೆಯಿಂದ ಶುರು, ಹಾಗಾಗಿ ಹಳೇದು ಹೋಗಿ ಹೊಸದು ಬರುತ್ತೆ.

ಈಗ ಎರಡು ಪ್ರೋಗ್ರಾಂ ಒಂದೇ ಹೊತ್ತಿಗೆ ಬಂದ್ರೆ? ಒಂದು 500 ಬೈಟ್ ಬರೀತಾ ಇದೆ, ಇನ್ನೊಂದು 300. ಎರಡೂ ಬೇರೆ ಬೇರೆ ಕೋರ್ ಮೇಲೆ. ಅರ್ಧ ಅವರದ್ದು, ಅರ್ಧ ಇವರದ್ದು, ಉದ್ದ ಯಾರು ಕೊನೇಲಿ ಬರೆದರೋ ಅವರದ್ದು. ಅದಕ್ಕೇ ಒಂದು ಮ್ಯೂಟೆಕ್ಸ್ ಬೀಗ. ರೀಡ್, ರೈಟ್ ಎರಡೂ ಒಳಗೆ ಬಂದ ಕೂಡಲೇ ಬೀಗ ಹಿಡೀಬೇಕು, ಹೋಗುವಾಗ ಬಿಡಬೇಕು.

ಸ್ಪಿನ್‌ಲಾಕ್ ಯಾಕಲ್ಲ? ಕಾಪಿ-ಟು-ಯೂಸರ್ ಮಾಡೋವಾಗ ಯೂಸರ್ ಪೇಜ್ ಸ್ವಾಪ್‌ನಲ್ಲಿ ಇರಬಹುದು, ಡಿಸ್ಕ್‌ನಿಂದ ಬರೋವರೆಗೂ ನಾವು ನಿದ್ದೆ ಮಾಡಬೇಕಾಗಬಹುದು. ಸ್ಪಿನ್‌ಲಾಕ್ ಹಿಡ್ಕೊಂಡು ನಿದ್ದೆ ಮಾಡೋ ಹಾಗಿಲ್ಲ. ಮ್ಯೂಟೆಕ್ಸ್ ಹಿಡ್ಕೊಂಡು ಮಾಡಬಹುದು. ‘ಇಂಟರಪ್ಟಿಬಲ್’ ಅನ್ನೋ ರೂಪ ಬಳಸಿ, ಆಗ ಕಾಯ್ತಾ ಇರೋರು ಕಂಟ್ರೋಲ್-ಸಿ ಒತ್ತಿ ಎದ್ದು ಹೋಗಬಹುದು.

ಬೀಗದಲ್ಲಿ ಗಮನ ಇಡಬೇಕಾದ ಜಾಗ ಎರರ್ ದಾರಿ. ಕಾಪಿ ಸೋತಾಗ ನೇರ ‘ರಿಟರ್ನ್ ಮೈನಸ್ ಇ-ಫಾಲ್ಟ್’ ಅಂತ ಬರೆದುಬಿಟ್ಟರೆ ಬೀಗ ಹಿಡಿದೇ ಹೊರಗೆ ಹೋದ ಹಾಗೆ. ಮುಂದೆ ಬಂದವರೆಲ್ಲ ಬಾಗಿಲ ಹೊರಗೆ ಕಾಯ್ತಾ ಕೂರ್ತಾರೆ. ಅದಕ್ಕೇ ಕರ್ನಲ್ ಕೋಡ್‌ನಲ್ಲಿ ‘ಗೋಟು’ ಅಷ್ಟೊಂದು ಕಾಣೋದು. ಕಾಲೇಜಿನಲ್ಲಿ ಗೋಟು ಪಾಪ ಅಂತ ಕಲಿಸ್ತಾರೆ. ಇಲ್ಲಿ ಹೊರಗೆ ಹೋಗೋ ಬಾಗಿಲು ಒಂದೇ ಇರಲಿ ಅಂತ ಬೇಕಂತಲೇ ಬಳಸ್ತಾರೆ.

ಒಳಗೆ ಬರೋದು, ಹೊರಗೆ ಹೋಗೋದು

ಮಾಡ್ಯೂಲ್ ಲೋಡ್ ಆದಾಗ ‘ಇನಿಟ್’, ತೆಗೆದಾಗ ‘ಎಕ್ಸಿಟ್’. ಇನಿಟ್‌ನಲ್ಲಿ ಮಿಸ್ಕ್-ರಿಜಿಸ್ಟರ್ ಯಾವಾಗಲೂ ಕೊನೇ ಕೆಲಸ. ಅದು ಮುಗಿದ ಮರುಕ್ಷಣವೇ ಯಾರಾದ್ರೂ ಡಬ್ಬಿ ತೆರೆಯಬಹುದು. ಬೀಗ ತಯಾರಾಗೋ ಮುಂಚೆ ಅಂಗಡಿ ತೆರೀಬಾರದು. ಎಕ್ಸಿಟ್‌ನಲ್ಲಿ ಉಲ್ಟಾ ಕ್ರಮ: ಮೊದಲು ಡಿವೈಸ್ ತೆಗೀರಿ, ಆಮೇಲೆ ಉಳಿದದ್ದು.

ಈಗ ‘ಓನರ್’. ಒಂದು ಪ್ರೋಗ್ರಾಂ ಡಬ್ಬಿ ತೆರೆದು ಇಟ್ಕೊಂಡಿದೆ, ಆಗ ನೀವು ‘ಆರ್‌ಎಂ-ಮಾಡ್’ ಕೊಟ್ರಿ. ಡ್ರೈವರ್ ಕೋಡ್ ಮೆಮೊರಿಯಿಂದ ಹೋಯ್ತು. ಆ ಪ್ರೋಗ್ರಾಂ ಮತ್ತೆ ರೀಡ್ ಅಂದ್ರೆ ಕರ್ನಲ್ ಜಿಗಿಯೋದು ಈಗ ಇಲ್ಲದ ಜಾಗಕ್ಕೆ. ಫಾರಂನಲ್ಲಿ ಓನರ್ ಕಾಲಂ ತುಂಬಿದ್ರೆ ಕರ್ನಲ್ ಲೆಕ್ಕ ಇಟ್ಟಿರುತ್ತೆ, ‘ಮಾಡ್ಯೂಲ್ ಬಳಕೆಯಲ್ಲಿದೆ’ ಅಂತ ತೆಗೆಯೋಕೆ ಬಿಡಲ್ಲ. ಒಂದು ಸಾಲು, ಮರೀಬೇಡಿ. ಹಾಗೇ ಮಾಡ್ಯೂಲ್ ಲೈಸೆನ್ಸ್ ‘ಜಿಪಿಎಲ್’ ಅಂತ ಹಾಕಿ. ಕರ್ನಲ್ ಒಳಗಿನ ಎಷ್ಟೋ ಫಂಕ್ಷನ್‌ಗಳು ಆ ಲೈಸೆನ್ಸ್ ಇರೋ ಮಾಡ್ಯೂಲ್‌ಗೆ ಮಾತ್ರ ಸಿಗೋದು.

ಮಾಡಿ ನೋಡೋದು ಹೇಗೆ?

ಮೊದಲ ಮಾತು: ಕಂಪನಿ ಲ್ಯಾಪ್‌ಟಾಪ್ ಮೇಲೆ ಬೇಡ. ಐಟಿ ಟೀಂನವರು ಫೋನ್ ಮಾಡ್ತಾರೆ, ಆಮೇಲೆ ಮ್ಯಾನೇಜರ್ ಮಾಡ್ತಾರೆ. ನಿಮ್ಮ ಸ್ವಂತ ಮಷೀನ್‌ನಲ್ಲೂ ನೇರ ಬೇಡ. ವರ್ಚುವಲ್ ಮಷೀನ್‌ನಲ್ಲಿ ಉಬುಂಟು ಹಾಕಿ, ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟು ಶುರು ಮಾಡಿ. ಕರ್ನಲ್ ಹೆಡರ್ ಪ್ಯಾಕೇಜ್ ಹಾಕ್ಕೊಳ್ಳಿ, ಅದು ಈಗ ಓಡ್ತಾ ಇರೋ ಕರ್ನಲ್ ಆವೃತ್ತಿಗೇ ಸರಿಯಾಗಿ ಹೊಂದಬೇಕು. ಮೇಕ್‌ಫೈಲ್ ಒಂದೆರಡು ಸಾಲು. ಆಮೇಲೆ ‘ಇನ್ಸ್-ಮಾಡ್’, ‘ಡಿ-ಮೆಸೇಜ್’ ನೋಡೋದು.

ಡಿ-ಮೆಸೇಜ್‌ನಲ್ಲಿ ‘ಔಟ್ ಆಫ್ ಟ್ರೀ ಮಾಡ್ಯೂಲ್, ಕರ್ನಲ್ ಟೇಂಟ್ ಆಯ್ತು’ ಅಂತ ಬಂದ್ರೆ ಗಾಬರಿ ಬೇಡ. ಲಿನಕ್ಸ್ ಮೂಲದ ಜೊತೆ ಬರದ ಕೋಡ್ ಸೇರಿದೆ ಅಂತ ಗುರುತು ಹಾಕ್ಕೊಳ್ತಾ ಇದೆ ಅಷ್ಟೇ. ‘ಕೀ ವಾಸ್ ರಿಜೆಕ್ಟೆಡ್’ ಅಂತ ಬಂದ್ರೆ ಸೆಕ್ಯೂರ್ ಬೂಟ್ ಆನ್ ಇದೆ, ಸಹಿ ಇಲ್ಲದ ಮಾಡ್ಯೂಲ್ ಒಳಗೆ ಬಿಡಲ್ಲ. ವರ್ಚುವಲ್ ಮಷೀನ್‌ನಲ್ಲಿ ಅದನ್ನು ಆಫ್ ಮಾಡಿ.

ಆಮೇಲೆ ಎಲ್ಲರಿಗೂ ಬರೋ ತಲೆನೋವು. ‘ಸುಡೋ ಎಕೋ ನಮಸ್ಕಾರ’ ಅಂತ ಬರೆದು ಬಾಣದ ಗುರುತು ಹಾಕಿ ಡಬ್ಬಿಗೆ ಕಳಿಸ್ತೀರಿ, ‘ಪರ್ಮಿಷನ್ ಡಿನೈಡ್’ ಬರುತ್ತೆ. ಸುಡೋ ಹಾಕಿದ್ದೀನಲ್ಲ ಅಂತೀರಿ. ಸುಡೋ ಸಿಕ್ಕಿದ್ದು ಎಕೋಗೆ, ಫೈಲ್ ತೆರೆಯೋದು ನಿಮ್ಮ ಶೆಲ್, ಅದಕ್ಕೆ ಅಧಿಕಾರ ಇಲ್ಲ. ಎಕೋ ಮಾಡಿದ್ದನ್ನು ಪೈಪ್ ಮೂಲಕ ‘ಸುಡೋ ಟೀ’ಗೆ ಕೊಡಿ, ಕೆಲಸ ಆಗುತ್ತೆ.

ಇಲ್ಲಿ ಎಷ್ಟೋ ಜನ ಚಿಕ್ಕ ದಾರಿ ಹಿಡೀತಾರೆ: ‘ಚ್-ಮೋಡ್ 666’. ಯಾರು ಬೇಕಾದ್ರೂ ಓದಬಹುದು, ಬರೀಬಹುದು. ಡಬ್ಬಿಗೆ ನಡೆಯುತ್ತೆ. ಅಭ್ಯಾಸ ಆಗಿಬಿಟ್ಟರೆ? 2012ರ ಡಿಸೆಂಬರ್‌ನಲ್ಲಿ ಹೊರಗೆ ಬಂದ ವಿಷಯ ಕೇಳಿ. ಸ್ಯಾಮ್‌ಸಂಗ್ ಎಕ್ಸಿನೋಸ್ 4210, 4412 ಪ್ರೊಸೆಸರ್ ಇದ್ದ ಫೋನ್‌ಗಳಲ್ಲಿ, ಗ್ಯಾಲಕ್ಸಿ ಎಸ್2, ನೋಟ್ 2 ಸೇರಿ, ‘/ಡೆವ್/ಎಕ್ಸಿನೋಸ್-ಮೆಮ್’ ಅನ್ನೋ ಕ್ಯಾರೆಕ್ಟರ್ ಡಿವೈಸ್ ಇತ್ತು. ಅದರ ಮೂಲಕ ಫೋನಿನ ಫಿಸಿಕಲ್ ಮೆಮೊರಿ ಓದಬಹುದು, ಬರೀಬಹುದು. ಅದರ ಪರ್ಮಿಷನ್ 0666. ಅಂದ್ರೆ ಯಾವುದೋ ಟಾರ್ಚ್ ಆ್ಯಪ್ ಕೂಡ ಕರ್ನಲ್‌ನ ಮೆಮೊರಿಯನ್ನೇ ತಿದ್ದಿ ಇಡೀ ಫೋನ್ ತನ್ನದು ಮಾಡ್ಕೊಳ್ಳಬಹುದಿತ್ತು. ನಾವು ಬ್ಯಾಂಕ್ ಓಟಿಪಿ ನೋಡೋದು, ಮನೆಯವರ ಫೋಟೋ ಇಡೋದು ಅಂಥದ್ದೇ ಫೋನ್‌ಗಳಲ್ಲಿ. ಮಿಸ್ಕ್ ಡಿವೈಸ್ ತಾನಾಗಿ ಕೊಡೋ ಪರ್ಮಿಷನ್ 0600, ರೂಟ್‌ಗೆ ಮಾತ್ರ. ಅದು ಹಾಗೇ ಇರಲಿ. ಬೇರೆಯವರಿಗೆ ಬೇಕಾದ್ರೆ ಒಂದು ಗ್ರೂಪ್ ಮಾಡಿ ಅವರಿಗಷ್ಟೇ ಕೊಡಿ.

ಮೂರು ಮನೆಕೆಲಸ

ಒಂದು: ನಮಸ್ಕಾರ ಹಾಕಿ, ‘ಡಿಡಿ’ ಕಮಾಂಡ್‌ನಲ್ಲಿ ಬ್ಲಾಕ್ ಸೈಜ್ 10 ಕೊಟ್ಟು ಓದಿ. ‘2+1 ರೆಕಾರ್ಡ್ಸ್ ಇನ್’ ಅಂತ ಬರಬೇಕು: ಎರಡು ಪೂರ್ತಿ, ಒಂದು ಅರೆಬರೆ. ಬಂದ್ರೆ ನಿಮ್ಮ ರೀಡ್ ಮಾತು ಉಳಿಸ್ಕೊಂಡಿದೆ.

ಎರಡು: /ಡೆವ್/ಜೀರೋದಿಂದ 2000 ಬೈಟ್ ತೆಗೆದು ಡಬ್ಬಿಗೆ ಕಳಿಸಿ. ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಬರಬೇಕು. ಸುಮ್ಮನೆ ಮುಗಿದರೆ ನಿಮ್ಮ ರೈಟ್ ಸುಳ್ಳು ಹೇಳ್ತಾ ಇದೆ.

ಮೂರು: ಒಂದು ಚಿಕ್ಕ ಸಿ ಪ್ರೋಗ್ರಾಂ ಬರೆದು ರೀಡ್‌ಗೆ ವಿಳಾಸದ ಜಾಗದಲ್ಲಿ ಸೊನ್ನೆ ಕೊಡಿ. ಮೈನಸ್ ಒಂದು ಬಂದು ‘ಬ್ಯಾಡ್ ಅಡ್ರೆಸ್’ ಅಂತ ಕಾಣಬೇಕು, ಮಷೀನ್ ಏನೂ ಆಗದ ಹಾಗೆ ನಡೀತಾ ಇರಬೇಕು. ಆಮೇಲೆ ವರ್ಚುವಲ್ ಮಷೀನ್‌ನಲ್ಲೇ ಕಾಪಿ-ಟು-ಯೂಸರ್ ತೆಗೆದು ಮೆಮ್‌ಕಾಪಿ ಹಾಕಿ ಇದೇ ಪ್ರೋಗ್ರಾಂ ಓಡಿಸಿ. ಡಿ-ಮೆಸೇಜ್‌ನಲ್ಲಿ ‘ಊಪ್ಸ್’ ಬರುತ್ತೆ. ಆ ಉದ್ದನೆ ಸಂದೇಶವನ್ನು ನಿಧಾನಕ್ಕೆ ಓದಿ: ಯಾವ ಫಂಕ್ಷನ್, ಯಾವ ವಿಳಾಸ, ಯಾರು ಯಾರನ್ನು ಕರೆದರು. ಬೀಗ ಹಿಡಿದ ಸ್ಥಿತಿಯಲ್ಲೇ ಅದು ಸತ್ತಿರೋದ್ರಿಂದ ಡಬ್ಬಿ ಆಮೇಲೆ ಯಾರಿಗೂ ತೆರೆಯಲ್ಲ, ಸ್ನ್ಯಾಪ್‌ಶಾಟ್‌ಗೆ ವಾಪಸ್ ಹೋಗಿ. ಆಫೀಸಿನಲ್ಲಿ ಸ್ಟ್ಯಾಕ್ ಟ್ರೇಸ್ ಓದೋದು ನಿಮಗೆ ಹೊಸದಲ್ಲ. ಇದೂ ಅದೇ, ಒಂದು ಮಹಡಿ ಕೆಳಗಡೆ ಅಷ್ಟೇ.

ಕೈಯಿಂದ ಬರೆದು ಅರ್ಥ ಆದ ಮೇಲೆ ‘ಸಿಂಪಲ್-ರೀಡ್-ಫ್ರಮ್-ಬಫರ್’ ಅನ್ನೋ ಫಂಕ್ಷನ್ ನೋಡಿ. ನಾವು ರೀಡ್‌ನಲ್ಲಿ ಮಾಡಿದ ಪೊಸಿಷನ್ ಪರೀಕ್ಷೆ, ಕಾಪಿ, ಸರಿಸೋದು ಎಲ್ಲ ಅದರೊಳಗೆ ಮೊದಲೇ ಇದೆ. ಮುಂಚೆಯೇ ಹೇಳಬಹುದಿತ್ತು, ಆದ್ರೆ ಆಗ ಅದು ಯಾಕಿದೆ ಅಂತ ಗೊತ್ತಾಗ್ತಿರಲಿಲ್ಲ. ಹಾಗೇ ಕರ್ನಲ್ ಮೂಲದಲ್ಲಿ ಡ್ರೈವರ್ಸ್ ಫೋಲ್ಡರ್, ಅದರೊಳಗೆ ಚಾರ್, ಅದರೊಳಗೆ ಮೆಮ್ ಅನ್ನೋ ಸಿ ಫೈಲ್ ತೆಗೆದು ನೋಡಿ. ನಲ್, ಜೀರೋ, ಫುಲ್ ಮೂರೂ ಅಲ್ಲೇ ಇದೆ. ದಿನಾ ಬಳಸೋ /ಡೆವ್/ನಲ್‌ನ ರೈಟ್ ಫಂಕ್ಷನ್ ಒಳಗೆ ಇರೋದು ಒಂದೇ ಸಾಲು. ಈ ಪೋಸ್ಟ್ ಓದಿದ ಮೇಲೆ ಆ ಸಾಲಲ್ಲಿ ಏನಿರುತ್ತೆ ಅಂತ ನೀವೇ ಹೇಳಬಹುದು: ನೀವು ಎಷ್ಟು ಬೈಟ್ ಕೊಟ್ರೋ ಅಷ್ಟನ್ನೂ ತಗೊಂಡೆ, ಅಂತ.

ಮುಂದಿನ ಸಂಚಿಕೆಯಲ್ಲಿ ಇದೇ ಡಬ್ಬಿಗೆ ಕಾಯೋದನ್ನು ಕಲಿಸೋಣ: ಖಾಲಿ ಇದ್ರೆ ಓದೋರು ನಿದ್ದೆ ಮಾಡಬೇಕು, ಯಾರಾದ್ರೂ ಹಾಕಿದ ಕೂಡಲೇ ಎಚ್ಚರ ಆಗಬೇಕು. ಮನೆಕೆಲಸದಲ್ಲಿ ಎಲ್ಲಿ ಸಿಕ್ಕಿಹಾಕ್ಕೊಂಡ್ರಿ ಅಂತ ಕೆಳಗೆ ಬರೀರಿ, ಡಿ-ಮೆಸೇಜ್ ಜೊತೆಗೆ ಹಾಕಿದ್ರೆ ಒಳ್ಳೇದು.